ಶಾಪದಿಂದ ಬಿಡಿಸಿದ ಮೇಲೆ ಮತ್ತೆ ಶಾಪದ ಹೆದರಿಕೆ ಏಕೆ? ಗಲಾತ್ಯ 3:13 ಬಗ್ಗೆ ತಿಳಿದವರು ಹೇಳಿ

ಹೇಮಾವತಿ ತೀರ

ಎಲ್ಲರಿಗೂ ವಂದನೆಗಳು. ಇದು ನಮ್ಮ ಮನೆಯ ವಿಷಯ. ಇಂಥದ್ದು ಇನ್ನೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ ಎಂದು ಗೊತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ನಾದಿನಿ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ನಾವೆಲ್ಲ ತಲೆಮಾರುಗಳಿಂದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯವರು. ಅವಳು ಮಾತ್ರ ಮದುವೆಯಾದ ಮೇಲೆ ತನ್ನ ಬಾಡಿಗೆ ಮನೆಯ ಹತ್ತಿರದ ಒಂದು ಪ್ರಾರ್ಥನಾ ಕೂಟಕ್ಕೆ ಸೇರಿಕೊಂಡಳು. ಮೊದಮೊದಲು ನಮಗೆ ಸಂತೋಷವೇ ಆಗಿತ್ತು, ಒಂಟಿ ಹುಡುಗಿಗೆ ಆಸರೆ ಸಿಕ್ಕಿತಲ್ಲ ಎಂದು. ಆಮೇಲೆ ಒಂದೊಂದಾಗಿ ನಿಯಮಗಳು ಶುರುವಾದವು. ಹೂ ಮುಡಿಯಬಾರದು. ಓಲೆ, ಬಳೆ, ಸರ ತೆಗೆಯಬೇಕು. ಮನೆಯಲ್ಲಿ ಟಿ.ವಿ. ಇರಬಾರದು. ಶುಕ್ರವಾರ ಉಪವಾಸ ತಪ್ಪಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ ದಶಮಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು ಕಾಣಿಕೆ. ಅದೂ ಕೈಗೆ ಬರುವ ಸಂಬಳದ ಮೇಲಲ್ಲ, ಪಿ.ಎಫ್., ಇ.ಎಸ್.ಐ. ಹಿಡಿಯುವ ಮೊದಲಿನ ಸಂಬಳದ ಮೇಲೆ. ಬೋನಸ್ ಬಂದರೆ ಅದರಲ್ಲೂ. ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ತಿಂಗಳು ತಿಂಗಳು ಗೆರೆ ಎಳೆದು ಲೆಕ್ಕ ಬರೆದಿದ್ದಾಳೆ. ಕೊಡಲು ಆಗದ ತಿಂಗಳ ಬಾಕಿಯನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ.

ಈಚೆಗೆ ಅವಳಿಗೆ ಗರ್ಭ ನಿಲ್ಲಲಿಲ್ಲ. ನೋಡಲು ಬಂದ ಕೂಟದ ಮುಖಂಡರು ಹಳೆಯ ಒಡಂಬಡಿಕೆಯ ಪ್ರವಾದಿ ಮಲಾಕಿಯನ ಪುಸ್ತಕದ 3ನೆಯ ಅಧ್ಯಾಯ ಓದಿ, "ದಶಮಾಂಶ ಬಾಕಿ ಇಟ್ಟುಕೊಂಡವರ ಮೇಲೆ ಶಾಪ ಇರುತ್ತದೆ" ಎಂದರಂತೆ. ಅವಳು ಅದನ್ನು ನನಗೆ ಹೇಳಿದಾಗ ಅಳಲೂ ಇಲ್ಲ. ನಿಜವೆಂದೇ ನಂಬಿದ್ದಾಳೆ. ನನಗೆ ರಕ್ತ ಕುದಿಯಿತು.

ಅವಳ ಕಿವಿ ನೋಡಿದೆ. ಓಲೆ ತೆಗೆದ ತೂತಿನಲ್ಲಿ ಬೇವಿನ ಕಡ್ಡಿ ಚೂರು ಸಿಕ್ಕಿಸಿಕೊಂಡಿದ್ದಾಳೆ, ತೂತು ಮುಚ್ಚಿಹೋಗದಿರಲಿ ಎಂದು.

ಕ್ರಿಸ್ತನು ನಮ್ಮನ್ನು ಧರ್ಮಶಾಸ್ತ್ರದ (ಮೋಶೆಯ ಮೂಲಕ ಬಂದ ನಿಯಮಗಳ) ಶಾಪದಿಂದ ಬಿಡಿಸಿದನು ಎಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಇದೆ. ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಯಾವ ಶಾಪ, ಯಾರ ಮೇಲಿನ ಶಾಪ, ಬಿಡಿಸಿದ್ದು ಎಂದರೆ ಏನು ಎಂದು ಅವಳಿಗೆ ಕೂತು ವಿವರಿಸುವಷ್ಟು ನನಗೆ ತಿಳಿಯದು. ದಯವಿಟ್ಟು ವಚನ ಸಮೇತ ಹೇಳಿ. ಅವಳು ವಚನ ತೋರಿಸದೆ ಒಪ್ಪುವವಳಲ್ಲ.

ಬೀದರ್ ಬಿಸಿಲು

ಅಕ್ಕ, ದೇವರ ವಿಷಯ ತಿಳಿದವರು ಹೇಳಲಿ. ನಾನು ನರ್ಸ್, ಮೊದಲು ಇದನ್ನು ಅವಳಿಗೆ ಹೇಳಿ. ಗೊತ್ತಾದ ಗರ್ಭಗಳಲ್ಲಿ 100ಕ್ಕೆ 10ರಿಂದ 20 ನಿಲ್ಲುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ತಾಯಿ ಮಾಡಿದ ಯಾವ ತಪ್ಪೂ ಅಲ್ಲ, ತಿಂದ ಪದಾರ್ಥವೂ ಅಲ್ಲ, ಕೊಡದ ಹಣವಂತೂ ಅಲ್ಲವೇ ಅಲ್ಲ. ಅವಳಿಗೆ ರಕ್ತಸ್ರಾವ ಪೂರ್ತಿ ನಿಂತಿದೆಯೇ ಕೇಳಿ, ಹಿಮೋಗ್ಲೋಬಿನ್ ನೋಡಿಸಿ. ಶುಕ್ರವಾರದ ಉಪವಾಸ ಸದ್ಯಕ್ಕೆ ಬೇಡ ಎಂದು ಖಂಡಿತವಾಗಿ ಹೇಳಿ.

ಶಿರ್ವದವನು

ಮೇಲಿನ ಮಾತಿಗೆ ನೂರು ಸಲ ಹೌದು. ಯೊವಾನನ ಸುವಾರ್ತೆಯ 9ನೆಯ ಅಧ್ಯಾಯವನ್ನೂ ಅವಳಿಗೆ ಓದಿ ಹೇಳಿ. ಹುಟ್ಟು ಕುರುಡನನ್ನು ಕಂಡು ಶಿಷ್ಯರು, ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಕೇಳುತ್ತಾರೆ. ಇವನದ್ದೂ ಅಲ್ಲ, ಅವರದ್ದೂ ಅಲ್ಲ ಎಂದು ಯೇಸು ನೇರವಾಗಿ ಉತ್ತರ ಕೊಡುತ್ತಾನೆ. ಲೂಕ 13ರಲ್ಲಿ ಸಿಲೊವಾಮಿನ ಬುರುಜು ಬಿದ್ದು 18 ಜನ ಸತ್ತ ಮಾತು ಬರುತ್ತದೆ. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೇ ಎಂದು ಕೇಳಿ, ಇಲ್ಲ ಎನ್ನುತ್ತಾನೆ. ಕಷ್ಟ ಬಂದವನ ಲೆಕ್ಕ ಬಿಚ್ಚಿ ಪಾಪ ಹುಡುಕುವ ಕೆಲಸವನ್ನು ಯೋಬನ ಸ್ನೇಹಿತರು ಮಾಡಿದರು, ಕೊನೆಗೆ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ.

ಬಲ್ಮಠದ ಹಿರಿಯ

ಮಗಳೇ, ನೀನು ವಚನ ಸಮೇತ ಕೇಳಿದ್ದೀಯೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಗಲಾತ್ಯ ಎಂದರೆ ಇಂದಿನ ಟರ್ಕಿ ದೇಶದ ನಡುಭಾಗ. ಅಲ್ಲಿನ ಸಭೆಯವರಲ್ಲಿ ಹೆಚ್ಚಿನವರು ಯೆಹೂದ್ಯರಲ್ಲ, ಅನ್ಯಜನರು. ಈ ಪತ್ರಿಕೆ ಬರೆದ ಪೌಲನು ಅವರಿಗೆ ಸುವಾರ್ತೆ ಸಾರಿ ಮುಂದಿನ ಊರಿಗೆ ಹೋದ ಮೇಲೆ ಬೇರೆ ಬೋಧಕರು ಬಂದರು. "ಕ್ರಿಸ್ತನನ್ನು ನಂಬಿದ್ದೀರಿ, ಒಳ್ಳೆಯದು. ಆದರೆ ಅಷ್ಟು ಸಾಲದು, ಸುನ್ನತಿ ಮಾಡಿಸಿಕೊಳ್ಳಿ, ಮೋಶೆಯ ನಿಯಮ ಪಾಲಿಸಿ, ಆಗ ಪೂರ್ತಿ ದೇವಜನರಾಗುತ್ತೀರಿ" ಎಂಬುದು ಅವರ ಬೋಧನೆಯ ಸಾರ. ಪೌಲನ ಪತ್ರಿಕೆ ಹುಟ್ಟಿದ್ದು ಆ ಸಿಟ್ಟಿನಲ್ಲಿ. ಅವನ ಬೇರೆ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ವಂದನೆಯಾದ ಮೇಲೆ ದೇವರಿಗೆ ಸ್ತೋತ್ರ ಬರುತ್ತದೆ. ಇಲ್ಲಿ ಸ್ತೋತ್ರವೇ ಇಲ್ಲ, ನೇರ ಗದರಿಕೆ.

ಈಗ ಶಾಪದ ಮಾತು. 3:10ರಲ್ಲಿ ಪೌಲನು ಎತ್ತಿಕೊಳ್ಳುವುದು ಧರ್ಮೋಪದೇಶಕಾಂಡ 27ನ್ನು. ಅಲ್ಲಿ ದೇವರ ಸೇವೆಗೆ ನೇಮಕವಾದ ಲೇವಿಯರು 12 ಶಾಪಗಳನ್ನು ಒಂದೊಂದಾಗಿ ಕೂಗಬೇಕು, ಜನರೆಲ್ಲ ಆಮೆನ್ ಎನ್ನಬೇಕು. ಕೊನೆಯದು, ಈ ಧರ್ಮಶಾಸ್ತ್ರದ ಮಾತುಗಳನ್ನು ಕೈಕೊಂಡು ನಡೆಯದವನಿಗೆ ಶಾಪ. ಪೌಲನ ವಾದ ಇಷ್ಟು: ನೀತಿವಂತರಾಗಲು ನಿಯಮದ ದಾರಿ ಹಿಡಿದರೆ ಎಲ್ಲವನ್ನೂ ಹಿಡಿಯಬೇಕು, ಒಂದು ಕೈತಪ್ಪಿದರೂ ಶಾಪದ ಕೆಳಗೆ ಬರುತ್ತೀರಿ. 3:13ರಲ್ಲಿ ಅದೇ ಧರ್ಮೋಪದೇಶಕಾಂಡದ 21:23ನ್ನು ತರುತ್ತಾನೆ. ಮರಕ್ಕೆ ತೂಗಹಾಕಲ್ಪಟ್ಟವನು ಶಾಪಗ್ರಸ್ತ ಎಂಬ ಮಾತು ಅದು. ಶಿಲುಬೆಗೆ ಏರಿದ ಕ್ರಿಸ್ತನು ಆ ಜಾಗದಲ್ಲಿ ತಾನೇ ನಿಂತ. ನಮ್ಮ ಮೇಲೆ ಬೀಳಬೇಕಾಗಿದ್ದ ಶಾಪ ಅವನ ಮೇಲೆ ಬಿತ್ತು. ಬಿಡಿಸಿದ್ದು ಎಂದರೆ ಇದೇ. ಬೆಲೆ ಕೊಟ್ಟಾಗಿದೆ. ಅದೇ ಬೆಲೆಯನ್ನು ನಿನ್ನ ನಾದಿನಿ ತನ್ನ ಸಂಬಳದಿಂದ ಎರಡನೆಯ ಬಾರಿ ಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಆ 12 ಶಾಪಗಳನ್ನು ಅವಳಿಗೇ ಓದಲು ಹೇಳು. ನೆರೆಯವನ ಗಡಿಕಲ್ಲನ್ನು ಸರಿಸುವವನಿಗೆ ಶಾಪ ಇದೆ. ಕುರುಡನಿಗೆ ದಾರಿ ತಪ್ಪಿಸುವವನಿಗೆ ಇದೆ. ಪರದೇಶಿ, ಅನಾಥ, ವಿಧವೆಯರ ನ್ಯಾಯ ಕೆಡಿಸುವವನಿಗೆ ಇದೆ. ದಶಮಾಂಶದ ಮಾತು ಆ ಪಟ್ಟಿಯಲ್ಲಿ ಇಲ್ಲ.

ಕೋಲಾರದ ಸೇವಕ

ಹಿರಿಯರಿಗೆ ವಂದನೆ. ಆದರೆ ಮಲಾಕಿಯ 3:9ರಲ್ಲಿ ಶಾಪದ ಮಾತು ಇದೆಯಲ್ಲ, ಅದನ್ನು ಬಿಟ್ಟು ಹೋದಿರಿ.

ನಾನು ಕೆ.ಜಿ.ಎಫ್. ಕಡೆಯವನು, ಸಣ್ಣ ಸಭೆಯೊಂದರಲ್ಲಿ ಸೇವೆ ಮಾಡುತ್ತೇನೆ. ಗರ್ಭ ಹೋದ ತಾಯಿಗೆ ಹಾಗೆ ಹೇಳಿದ್ದು ತಪ್ಪು, ಘೋರ ತಪ್ಪು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನೀವೆಲ್ಲ ದೊಡ್ಡ ಕಟ್ಟಡ, ಹಳೆಯ ಆಸ್ತಿ, ಸಂಬಳದ ಪಾಲಕರು ಇರುವ ಸಭೆಗಳವರು. ನಮ್ಮಲ್ಲಿ ಶೀಟಿನ ಮನೆಯ ಬಾಡಿಗೆ, ಕರೆಂಟ್ ಬಿಲ್, ಆಸ್ಪತ್ರೆಗೆ ಸೇರಿದವರ ಔಷಧಿ, ಸತ್ತವರ ಪೆಟ್ಟಿಗೆ, ಎಲ್ಲವೂ ವಿಶ್ವಾಸಿಗಳ ಕೈಯಿಂದಲೇ ಬರಬೇಕು. ಕೊಡುವುದನ್ನು ಕಲಿಸದೆ ಹೇಗೆ ನಡೆಸುವುದು? ನಿಯಮಗಳ ವಿಷಯವೂ ಅಷ್ಟೇ. ಸಂಬಳದ ದಿನ ನೇರವಾಗಿ ಸಾರಾಯಿ ಅಂಗಡಿಗೆ ಹೋಗುತ್ತಿದ್ದವನು ಸಭೆಗೆ ಬಂದಾಗ "ನಿನಗೆ ಸ್ವಾತಂತ್ರ್ಯವಿದೆ" ಎಂದರೆ ಅವನು ಮರುದಿನವೇ ಹಾಳಾಗುತ್ತಾನೆ. ಅವನಿಗೆ ಮುಟ್ಟಬೇಡ, ಆ ಬೀದಿಗೆ ಹೋಗಬೇಡ ಎಂದು ಕಟ್ಟಾಗಿ ಹೇಳಲೇಬೇಕು. ಹಾಗೆ ಹೇಳಿದ್ದರಿಂದ ಬದುಕಿದ ಮನೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಮನೆಗಳ ಹೆಂಗಸರನ್ನು ಕೇಳಿ, ನಿಯಮ ಹೊರೆಯೋ ಅಲ್ಲವೋ ಎಂದು.

ಬೀದರ್ ಬಿಸಿಲು

ಬ್ರದರ್, ಕುಡಿಯುವವನಿಗೆ ಕುಡಿಯಬೇಡ ಎನ್ನುವುದಕ್ಕೂ ಮಗುವನ್ನು ಕಳೆದುಕೊಂಡವಳಿಗೆ ನಿನ್ನ ಬಾಕಿ ಇದೆ ಎನ್ನುವುದಕ್ಕೂ ಏನು ಸಂಬಂಧ? ಮೊದಲನೆಯದರಲ್ಲಿ ಎದುರಿಗಿರುವವನ ಒಳಿತು ಇದೆ. ಎರಡನೆಯದರಲ್ಲಿ ಯಾರ ಒಳಿತು ಇದೆ?

ಕೋಲಾರದ ಸೇವಕ

ಸಿಸ್ಟರ್, ಅದು ತಪ್ಪು ಎಂದು ಆಗಲೇ ಬರೆದೆ.

ಬಲ್ಮಠದ ಹಿರಿಯ

ತಮ್ಮ, ಮಲಾಕಿಯನ ಪ್ರಶ್ನೆ ನ್ಯಾಯವಾದದ್ದು, ಉತ್ತರ ಕೊಡುತ್ತೇನೆ.

ಮಲಾಕಿಯನು ಮಾತನಾಡುತ್ತಿರುವುದು ಇಸ್ರಾಯೇಲ್ ಜನಾಂಗದ ಜೊತೆ, ಯೆರೂಸಲೇಮಿನ ದೇವಾಲಯ ನಡೆಯುತ್ತಿದ್ದ ಕಾಲದಲ್ಲಿ. ದಶಮಾಂಶ ಹೋಗುತ್ತಿದ್ದುದು ದೇವಾಲಯದ ಉಗ್ರಾಣಕ್ಕೆ. ಏಕೆಂದರೆ ಲೇವಿ ಕುಲದವರಿಗೆ ಹೊಲದ ಪಾಲು ಇರಲಿಲ್ಲ, ಅರಣ್ಯಕಾಂಡ 18:21 ನೋಡು. ಕ್ರಿ.ಶ. 70ರಲ್ಲಿ ರೋಮಿನವರು ಆ ದೇವಾಲಯವನ್ನು ಕೆಡವಿದರು. ಉಗ್ರಾಣವೂ ಇಲ್ಲ, ಲೇವಿಯರ ಸೇವೆಯೂ ಇಲ್ಲ. ಇನ್ನು ಧರ್ಮೋಪದೇಶಕಾಂಡ 14ನ್ನು ಪೂರ್ತಿ ಓದು. ಅಲ್ಲಿ ದಶಮಾಂಶವನ್ನು ತಂದವರೇ ಮನೆಮಂದಿಯೊಂದಿಗೆ ದೇವರ ಸನ್ನಿಧಿಯಲ್ಲಿ ಕೂತು ಊಟ ಮಾಡಿ ಸಂತೋಷಪಡಬೇಕು ಎಂದಿದೆ. ಮೂರು ವರ್ಷಕ್ಕೊಮ್ಮೆ ಊರಿನಲ್ಲಿಯೇ ಕೂಡಿಟ್ಟು ಲೇವಿಯರಿಗೂ ಪರದೇಶಿ, ಅನಾಥ, ವಿಧವೆಯರಿಗೂ ಕೊಡಬೇಕು ಎಂದಿದೆ. ಬಾಡಿಗೆ ಮನೆಯಲ್ಲಿರುವ ಗಾರ್ಮೆಂಟ್ಸ್ ಹುಡುಗಿ ಆ ವ್ಯವಸ್ಥೆಯಲ್ಲಿ ಕೊಡುವವರ ಸಾಲಿನಲ್ಲಿ ನಿಲ್ಲುತ್ತಿದ್ದಳೋ ಪಡೆಯುವವರ ಸಾಲಿನಲ್ಲೋ ನೀನೇ ಯೋಚಿಸು.

ಕೊಡುವುದನ್ನು ಕಲಿಸಬೇಡ ಎಂದು ಯಾರೂ ಹೇಳಲಿಲ್ಲ. 2 ಕೊರಿಂಥ 9:7 ಕಲಿಸು. ದುಃಖದಿಂದ ಬೇಡ, ಬಲವಂತಕ್ಕೂ ಬೇಡ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಲಿ. ಪೌಲನು ಬಡ ಸಭೆಗಳಿಂದಲೂ ಹಣ ಕೂಡಿಸಿದವನೇ. ಆದರೆ ಶಾಪದ ಹೆದರಿಕೆ ತೋರಿಸಿ ಕೂಡಿಸಲಿಲ್ಲ.

ಕೋಲಾರದ ಸೇವಕ

ಮತ್ತಾಯ 23:23ರಲ್ಲಿ ಪುದೀನ, ಸಬ್ಬಸಿಗೆ, ಜೀರಿಗೆಯ ದಶಮಾಂಶದ ಬಗ್ಗೆ ಮಾತನಾಡುವಾಗ ಯೇಸು, ಅವುಗಳನ್ನೂ ಬಿಡಬಾರದು ಎಂದೇ ಹೇಳಿದ್ದಾನೆ. ಅದಕ್ಕೆ ಏನು ಹೇಳುತ್ತೀರಿ?

ಶಿರ್ವದವನು

ಅದೇ ಅಧ್ಯಾಯದ 4ನೆಯ ವಚನವನ್ನೂ ಓದಿ ಬ್ರದರ್. ಹೊರಲಾರದ ಹೊರೆಗಳನ್ನು ಕಟ್ಟಿ ಜನರ ಹೆಗಲ ಮೇಲೆ ಇಡುತ್ತಾರೆ, ತಾವು ಬೆರಳಿನಿಂದಲೂ ಮುಟ್ಟುವುದಿಲ್ಲ ಎಂದಿದೆ. 23ನೆಯ ವಚನದಲ್ಲಿ ಅವನ ಕೋಪ ಇರುವುದೆಲ್ಲಿ? ನ್ಯಾಯ, ಕರುಣೆ, ನಂಬಿಕೆಗಳನ್ನು ಬಿಟ್ಟದ್ದರಲ್ಲಿ. ಅವನು ಮಾತನಾಡಿದ್ದು ದೇವಾಲಯ ಇನ್ನೂ ನಿಂತಿದ್ದಾಗ, ದಶಮಾಂಶ ಕೊಡಲೇಬೇಕಾಗಿದ್ದ ಯೆಹೂದ್ಯ ಬೋಧಕರ ಜೊತೆ.

ಹುಬ್ಬಳ್ಳಿಯ ಪ್ರಶ್ನೆ

ನಾನು ಕ್ರೈಸ್ತನಲ್ಲ, ಓದುತ್ತಾ ಬಂದೆ. ಎರಡು ಸಂದೇಹಗಳಿವೆ. ಒಂದು, ನಿಯಮ ಕೊಟ್ಟದ್ದು ನಿಮ್ಮ ದೇವರೇ ಎನ್ನುತ್ತೀರಿ. ಹಾಗಿದ್ದರೆ ಅದು ಶಾಪ ಹೇಗಾಯಿತು? ಎರಡು, ನಿಯಮದಿಂದ ಬಿಡುಗಡೆ ಆಯಿತು ಎಂದರೆ ನಾಳೆ ಒಬ್ಬ ಕದ್ದು ಬಂದು "ನನ್ನ ಪಾಪ ತೀರಿದೆ" ಎನ್ನಬಹುದಲ್ಲ? ಯಾರನ್ನೂ ನೋಯಿಸಲು ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು.

ಬಲ್ಮಠದ ಹಿರಿಯ

ಒಳ್ಳೆಯ ಪ್ರಶ್ನೆಗಳು. ಎರಡನ್ನೂ ಪೌಲನೇ ತನಗೆ ತಾನೇ ಕೇಳಿಕೊಂಡಿದ್ದಾನೆ. ಧರ್ಮಶಾಸ್ತ್ರ ಪರಿಶುದ್ಧವಾದದ್ದು, ಆಜ್ಞೆ ನ್ಯಾಯವೂ ಹಿತವೂ ಆದದ್ದು ಎಂದು ರೋಮ 7:12ರಲ್ಲಿ ಬರೆಯುತ್ತಾನೆ. ಆಜ್ಞೆಯಲ್ಲಿ ದೋಷವಿಲ್ಲ, ಅದನ್ನು ಪೂರೈಸಲಾರದ ನಮ್ಮಲ್ಲಿ ದೋಷ. ನಿಯಮ ರೋಗವನ್ನು ತೋರಿಸುತ್ತದೆ, ಗುಣಪಡಿಸಲಾರದು. ಎರಡನೆಯದಕ್ಕೆ ರೋಮ 6:15. ಕೃಪೆಯ ಕೆಳಗಿದ್ದೇವೆಂದು ಪಾಪ ಮಾಡೋಣವೋ? ಎಂದಿಗೂ ಇಲ್ಲ. ಗಲಾತ್ಯ 5:13 ಇನ್ನೂ ಸ್ಪಷ್ಟ: ನಿಮ್ಮನ್ನು ಕರೆದದ್ದು ಸ್ವಾತಂತ್ರ್ಯಕ್ಕೆ, ಅದನ್ನು ಶರೀರದ ಆಸೆಗೆ ದಾರಿ ಮಾಡಿಕೊಳ್ಳಬೇಡಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ. ಮುಂದಿನ ವಚನದಲ್ಲಿಯೇ ಧರ್ಮಶಾಸ್ತ್ರವೆಲ್ಲ ಒಂದೇ ಮಾತಿನಲ್ಲಿ ಅಡಗಿದೆ ಎನ್ನುತ್ತಾನೆ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು.

ಈ ತಕರಾರು ಹಳೆಯದು. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರನ ಶಿಷ್ಯನಾಗಿದ್ದ ಯೋಹಾನ್ ಅಗ್ರಿಕೋಲ ಎಂಬವನು 1530ರ ದಶಕದಲ್ಲಿ ಕ್ರೈಸ್ತರಿಗೆ ಧರ್ಮಶಾಸ್ತ್ರವನ್ನು ಬೋಧಿಸುವುದೇ ಬೇಡ ಎಂದು ವಾದಿಸಿದ. ಕೃಪೆಯನ್ನು ಅಷ್ಟು ಜೋರಾಗಿ ಸಾರಿದ ಲೂಥರನೇ ಅವನ ವಿರುದ್ಧ ನಿಂತ. ಇನ್ನೊಬ್ಬ ಸುಧಾರಕ ಕ್ಯಾಲ್ವಿನನಂತೂ, ನಂಬಿದವರಿಗೆ ದಾರಿ ತೋರಿಸುವುದೇ ಧರ್ಮಶಾಸ್ತ್ರದ ಮುಖ್ಯ ಉಪಯೋಗ ಎಂದ. ಕಳ್ಳನಿಗೆ ಪರವಾನಗಿ ಕೊಟ್ಟವರು ಯಾರೂ ಇಲ್ಲ.

ಹಳೆಯ ಮೇಷ್ಟ್ರು

ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಇಲ್ಲಿ ಒಂದು ಕಡೆ ಚರ್ಚೆ ವಾಲುತ್ತಿದೆ, ತಿದ್ದಲೇಬೇಕು.

ಯೆಹೂದ್ಯರು ಧರ್ಮಶಾಸ್ತ್ರದ ಹೊರೆಯ ಕೆಳಗೆ ನರಳುತ್ತಿದ್ದರು, ಕ್ರೈಸ್ತರು ಬಂದು ಬಿಡಿಸಿದರು ಎಂಬ ಚಿತ್ರ ಸುಳ್ಳು. 119ನೆಯ ಕೀರ್ತನೆ ಇಡೀ ಕೀರ್ತನೆಗಳ ಪುಸ್ತಕದಲ್ಲೇ ಉದ್ದವಾದದ್ದು, 176 ವಚನಗಳು. ಉದ್ದಕ್ಕೂ ನಿನ್ನ ಆಜ್ಞೆ ನನಗೆ ಆನಂದ ಎಂಬುದೇ ಹಾಡು. ಇಂದಿಗೂ ಸಿಮ್ಹಾತ್ ತೋರಾ ಹಬ್ಬದ ದಿನ ಧರ್ಮಶಾಸ್ತ್ರದ ಸುರುಳಿಗಳನ್ನು ಎದೆಗಪ್ಪಿಕೊಂಡು ಕುಣಿಯುತ್ತಾರೆ. 613 ಆಜ್ಞೆಗಳು ಎಂದು ಕೇಳಿ ಹೌಹಾರುವವರಿದ್ದಾರೆ. ಆದರೆ ಪ್ರಾಣ ಉಳಿಸಲು ಸಬ್ಬತ್ತಿನ (ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ವಿಶ್ರಾಂತಿ ದಿನದ) ನಿಯಮವನ್ನೂ ಮೀರಬೇಕು ಎಂದು ಅವರ ರಬ್ಬಿಗಳೇ ಹೇಳಿದ್ದಾರೆ. ತಪ್ಪಿದವನಿಗೆ ಪಶ್ಚಾತ್ತಾಪ ಇದೆ, ದೋಷಪರಿಹಾರಕ ದಿನ ಇದೆ. ವಿಮೋಚನಕಾಂಡ 20 ತೆಗೆದು ನೋಡಿ. ನಿನ್ನನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದವನು ನಾನೇ ಎಂಬ ಮಾತು ಮೊದಲು, ಹತ್ತು ಆಜ್ಞೆಗಳು ಆಮೇಲೆ. ಅಂದರೆ ಅಲ್ಲಿಯೂ ಬಿಡುಗಡೆಯೇ ಮುಂಚೆ. ಇ. ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸರು 1977ರಲ್ಲಿ ಇದನ್ನೇ ಪುರಾವೆ ಸಮೇತ ಬರೆದ ಮೇಲೆ ಪೌಲನ ಅಧ್ಯಯನದ ದಿಕ್ಕೇ ಬದಲಾಯಿತು.

ಲೂಥರನು ತನ್ನ ಮಠದ ದಿನಗಳ ಸಂಕಟವನ್ನು ಪೌಲನೊಳಗೆ ಓದಿದ. ಪೌಲನಿಗೆ ಆ ಸಂಕಟ ಇತ್ತೇ? ಫಿಲಿಪ್ಪಿ 3:6ರಲ್ಲಿ ಧರ್ಮಶಾಸ್ತ್ರದ ನೀತಿಯ ವಿಷಯದಲ್ಲಿ ನಾನು ನಿರ್ದೋಷಿ ಎಂದು ಅವನು ತಲೆ ಎತ್ತಿಕೊಂಡು ಹೇಳುತ್ತಾನೆ. ಅದೇ ಲೂಥರನು 1543ರಲ್ಲಿ ಯೆಹೂದ್ಯರ ವಿರುದ್ಧ ಬರೆದದ್ದನ್ನು ಓದಿದರೆ ಮೈ ನಡುಗುತ್ತದೆ, ಅವರ ಪ್ರಾರ್ಥನಾ ಮಂದಿರಗಳನ್ನು ಸುಡಿ ಎಂದು ಬರೆದ. ಶಾಪ, ಹೊರೆ ಎಂಬ ಮಾತುಗಳನ್ನು ಇನ್ನೊಂದು ಜನಾಂಗದ ತಲೆಗೆ ಕಟ್ಟಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಮರೆಯಬಾರದು.

ಬಲ್ಮಠದ ಹಿರಿಯ

ಮೇಷ್ಟ್ರೇ, 1543ರ ವಿಷಯದಲ್ಲಿ ನಿಮ್ಮ ಮಾತಿಗೆ ತಲೆಬಾಗುತ್ತೇನೆ, ಲೂಥರನ್ ಸಭೆಗಳೇ ಅದನ್ನು ಬಹಿರಂಗವಾಗಿ ತಿರಸ್ಕರಿಸಿವೆ. ಆದರೆ ಹೊರೆ ಎಂಬುದು ಲೂಥರನ ಕಲ್ಪನೆಯಲ್ಲ. ಅಪೊಸ್ತಲರ ಕೃತ್ಯಗಳು 15:10ರಲ್ಲಿ ಯೇಸುವಿನ ಶಿಷ್ಯ ಪೇತ್ರನು, ನಮ್ಮ ಪಿತೃಗಳೂ ನಾವೂ ಹೊರಲಾರದ ನೊಗವನ್ನು ಶಿಷ್ಯರ ಕುತ್ತಿಗೆಗೆ ಏಕೆ ಹಾಕುತ್ತೀರಿ ಎಂದು ಕೇಳುತ್ತಾನೆ. ಪೇತ್ರನೂ ಯೆಹೂದ್ಯನೇ.

ಹಳೆಯ ಮೇಷ್ಟ್ರು

ಹೌದು, ಆದರೆ ಯೆರೂಸಲೇಮಿನಲ್ಲಿ ಸೇರಿದ ಅಪೊಸ್ತಲರ ಆ ಸಭೆಯ ಪ್ರಶ್ನೆ ಏನಾಗಿತ್ತು? ಯೆಹೂದ್ಯರು ನಿಯಮ ಬಿಡಬೇಕೇ ಎಂದಲ್ಲ. ಅನ್ಯಜನರು ಒಳಗೆ ಬರಲು ಮೊದಲು ಯೆಹೂದ್ಯರಾಗಬೇಕೇ ಎಂದು. ತೀರ್ಮಾನದಲ್ಲಿ ನಾಲ್ಕೇ ವಿಷಯಗಳನ್ನು ಕೇಳಿದರು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕತ್ತು ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ. ಇವುಗಳನ್ನು ಬಿಡಿ, ಇದಕ್ಕಿಂತ ಹೆಚ್ಚಿನ ಭಾರ ಹಾಕುವುದಿಲ್ಲ ಎಂದು ಪತ್ರ ಬರೆದು ಕಳಿಸಿದರು.

ಪೌಲನ ನಡೆಯನ್ನೇ ನೋಡಿ. ತೀತ ಗ್ರೀಕನು, ಅವನಿಗೆ ಸುನ್ನತಿ ಮಾಡಿಸಲು ಒಪ್ಪಲಿಲ್ಲ. ತಿಮೊಥೆಯನ ತಾಯಿ ಯೆಹೂದ್ಯಳು, ಅವನಿಗೆ ಪೌಲನೇ ಸುನ್ನತಿ ಮಾಡಿಸಿದ. ಸುನ್ನತಿ ಕೆಟ್ಟದ್ದು ಎಂಬುದು ಅವನ ವಾದವೇ ಅಲ್ಲ. ಅದನ್ನು ಬಾಗಿಲಿಗೆ ಬೀಗವಾಗಿ ಹಾಕುವುದು ಕೆಟ್ಟದ್ದು ಎಂಬುದು ಅವನ ವಾದ.

ಹೇಮಾವತಿ ತೀರ

ಮೇಷ್ಟ್ರೇ, ಬಾಗಿಲಿನ ಮಾತು ನನ್ನ ಮನಸ್ಸಿಗೆ ನಾಟಿತು. ಆ ಕೂಟದಲ್ಲಿ ಓಲೆ ಹಾಕಿದವರನ್ನು ಹಿಂದೆ ಕೂರಿಸುತ್ತಾರಂತೆ. ಕರ್ತನ ಭೋಜನ ಕೊಡುವುದಿಲ್ಲವಂತೆ.

ಬಲ್ಮಠದ ಹಿರಿಯ

ಮಗಳೇ, ಹಾಗಾದರೆ ಅವಳಿಗೆ ಗಲಾತ್ಯ 2:11ರಿಂದ ಓದಿ ಹೇಳು. ನೀನು ಹೇಳಿದ್ದೇ ಅಲ್ಲಿ ನಡೆದಿದೆ.

ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರಾದ ವಿಶ್ವಾಸಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಬಂದವರು ಏನೆಂದುಕೊಂಡಾರೋ ಎಂದು ಹೆದರಿ ಪೇತ್ರ ಮೆಲ್ಲಗೆ ಹಿಂದೆ ಸರಿದ, ಬೇರೆ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು. ಪೌಲನ ಜೊತೆಗಾರ ಬಾರ್ನಬನೂ ಸರಿದ. ಪೇತ್ರ ಒಂದು ಮಾತನ್ನೂ ಬೋಧಿಸಲಿಲ್ಲ, ಯಾರಿಗೂ ಶಾಪ ಹಾಕಲಿಲ್ಲ, ತಟ್ಟೆ ಎತ್ತಿಕೊಂಡು ಆಚೆ ಹೋದ, ಅಷ್ಟೇ. ಪೌಲ ಎಲ್ಲರ ಎದುರಿಗೇ ಅವನನ್ನು ಖಂಡಿಸಿದ. ಪೇತ್ರನಂಥ ಪೇತ್ರನನ್ನು! ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ನೀತಿವಂತರಾಗುವುದಿಲ್ಲ, ಕ್ರಿಸ್ತನ ಮೇಲಿನ ನಂಬಿಕೆಯಿಂದಲೇ ಎಂಬ ಮಾತು ಮೊದಲು ಬರುವುದು ಈ ಊಟದ ಜಗಳದ ನಡುವೆ. ನಮ್ಮಲ್ಲಿ ಅದನ್ನು ದೊಡ್ಡ ತತ್ವವಾಗಿ ಉಪದೇಶಿಸುತ್ತಾರೆ, ಪಂಕ್ತಿಯ ಕಥೆಯನ್ನು ಬಿಟ್ಟುಬಿಡುತ್ತಾರೆ. ನಮ್ಮ ನಾಡಿನಲ್ಲಿ ಪಂಕ್ತಿಭೇದ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬಳನ್ನು ಓಲೆಗಾಗಿ ಹಿಂದೆ ಕೂರಿಸಿದರೆ, ಅಂತಿಯೋಕ್ಯದಲ್ಲಿ ಪೌಲನು ಖಂಡಿಸಿದ ಕೆಲಸವನ್ನೇ ಮತ್ತೆ ಮಾಡಿದ ಹಾಗೆ.

ಕೋಲಾರದ ಸೇವಕ

1 ತಿಮೊಥೆ 2:9, 1 ಪೇತ್ರ 3:3. ಚಿನ್ನ ಬೇಡ ಎಂದು ಸ್ಪಷ್ಟವಾಗಿಯೇ ಇದೆ.

ಬೀದರ್ ಬಿಸಿಲು

ಪೂರ್ತಿ ಓದಿ ಬ್ರದರ್. ಜಡೆ ಹೆಣೆಯುವುದು, ಬೆಲೆಯುಳ್ಳ ಬಟ್ಟೆ ಎಂದೂ ಅಲ್ಲಿಯೇ ಇದೆ. ನಿಮ್ಮ ಸಭೆಯಲ್ಲಿ ಹೆಂಗಸರು ಜಡೆ ಹಾಕುವುದಿಲ್ಲವೇ? ಅದು ಸಿರಿವಂತರ ಆಡಂಬರಕ್ಕೆ ಹೇಳಿದ ಬುದ್ಧಿಮಾತು. ಗಾರ್ಮೆಂಟ್ಸ್ ಹುಡುಗಿಯ ಅರ್ಧ ಗ್ರಾಮಿನ ಓಲೆಗೆ ಹೇಳಿದ್ದಲ್ಲ. ಗಂಡಸರ ಕೈಗಡಿಯಾರದ ಬಗ್ಗೆ ಇಷ್ಟು ಕಾಳಜಿ ಯಾರಿಗೂ ಇರುವುದಿಲ್ಲ, ಹೊರೆ ಯಾವಾಗಲೂ ಹೆಂಗಸರ ಮೈಮೇಲೆಯೇ ಬೀಳುತ್ತದೆ.

ದುಬೈ ಮಂಜ

ಕೊನೆಯ ಸಾಲಿಗೆ ನನ್ನ ಹೆಂಡತಿಯೂ ಕೈ ಎತ್ತಿದ್ದಾಳೆ.

ಶಿರ್ವದವನು

ನಮ್ಮ ಕಥೋಲಿಕರಲ್ಲಿ ನಿಯಮಗಳಿಗೆ ಬರವಿಲ್ಲ, ಆದ್ದರಿಂದ ನಾನೂ ಒಂದು ಮಾತು ಸೇರಿಸುತ್ತೇನೆ. ನನ್ನ ಅಜ್ಜಿಯ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಬೇಕಾದರೆ ನಡುರಾತ್ರಿಯಿಂದ ನೀರೂ ಮುಟ್ಟುವಂತಿರಲಿಲ್ಲ. ಬಾಯಿ ಮುಕ್ಕಳಿಸುವಾಗ ಒಂದು ಹನಿ ಗಂಟಲಿಗೆ ಇಳಿಯಿತೇನೋ ಎಂದು ಹೆದರಿ ಆ ಭಾನುವಾರ ಪ್ರಸಾದ ಬಿಟ್ಟವರಿದ್ದರು. ಜ್ವರದ ಮಕ್ಕಳೂ ಬರಿಹೊಟ್ಟೆಯಲ್ಲಿ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. 12ನೆಯ ಪಯಸ್ ಪೋಪರು 1953ರಲ್ಲಿ ನೀರು ಕುಡಿಯಬಹುದು ಎಂದರು, 1957ರಲ್ಲಿ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 6ನೆಯ ಪೌಲ್ ಪೋಪರು 1964ರಲ್ಲಿ ಒಂದೇ ಗಂಟೆ ಮಾಡಿದರು. ಅಜ್ಜಿ ಕೊನೆಯವರೆಗೂ ಹಳೆಯ ಪದ್ಧತಿಯನ್ನೇ ಹಿಡಿದರು, ಅದು ಅವರ ಪ್ರೀತಿ. ನಮ್ಮನ್ನು ಮಾತ್ರ ಎಂದೂ ಬಲವಂತ ಮಾಡಲಿಲ್ಲ, ಬೆಳಿಗ್ಗೆ ಗಂಜಿ ಕುಡಿಸಿಯೇ ಇಗರ್ಜಿಗೆ ಕರೆದುಕೊಂಡು ಹೋಗುತ್ತಿದ್ದರು.

ಉಪವಾಸ, ವ್ರತ, ತಪಸ್ಸು ಕಾಲ ಇವೆಲ್ಲ ಬೇಡ ಎಂದು ನಾನು ಹೇಳುವುದಿಲ್ಲ, ನಾನೂ ಪಾಲಿಸುತ್ತೇನೆ. ಆದರೆ ಅವು ಕೃಪೆಯನ್ನು ಕೊಳ್ಳುವ ಹಣವಲ್ಲ. ಕಥೋಲಿಕರು ಕ್ರಿಯೆಗಳಿಂದ ರಕ್ಷಣೆ ಎನ್ನುತ್ತಾರೆ ಎಂದು ಪ್ರೊಟೆಸ್ಟಂಟ್ ಗೆಳೆಯರು ಆಗಾಗ ಹೇಳುತ್ತಾರೆ. ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ 1547ರಲ್ಲಿಯೇ, ಕ್ರಿಸ್ತನ ಕೃಪೆಯಿಲ್ಲದೆ ಕೇವಲ ಕ್ರಿಯೆಗಳಿಂದ ನೀತಿವಂತನಾಗಬಹುದು ಎಂಬುದನ್ನು ತಳ್ಳಿಹಾಕಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಕೂಡಿ ಸಹಿ ಹಾಕಿದ ಘೋಷಣೆಯಲ್ಲಿ, ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ ಎಂದಿದೆ. 2006ರಲ್ಲಿ ಮೆಥೊಡಿಸ್ಟರೂ ಒಪ್ಪಿದರು. ಬೀದರ್ ಅಕ್ಕನ ಸಭೆಯೂ ಸೇರಿತು ಎಂದುಕೊಳ್ಳುತ್ತೇನೆ.

ಬೀದರ್ ಬಿಸಿಲು

ಹೌದು, ನಾವು ಮೆಥೊಡಿಸ್ಟರೇ.

ಏಳನೆಯ ದಿನ

ಎಲ್ಲರೂ ಎಲ್ಲ ನಿಯಮಗಳನ್ನೂ ಒಂದೇ ಮೂಟೆಯಲ್ಲಿ ಕಟ್ಟುತ್ತಿದ್ದೀರಿ. ನಾನು ಶನಿವಾರ ಆರಾಧಿಸುವ ಅಡ್ವೆಂಟಿಸ್ಟ್ ಸಭೆಯವನು. ಹತ್ತು ಆಜ್ಞೆಗಳನ್ನು ದೇವರು ಕಲ್ಲಿನ ಮೇಲೆ ಬರೆದುಕೊಟ್ಟ, ಅವು ಮಂಜೂಷ ಎಂಬ ಪವಿತ್ರ ಪೆಟ್ಟಿಗೆಯ ಒಳಗೆ ಇದ್ದವು. ಮೋಶೆ ಬರೆದ ಧರ್ಮಶಾಸ್ತ್ರದ ಗ್ರಂಥವನ್ನು ಮಂಜೂಷದ ಪಕ್ಕದಲ್ಲಿ ಇಟ್ಟರು, ಧರ್ಮೋಪದೇಶಕಾಂಡ 31:26. ಬಲಿ, ಹಬ್ಬ, ಸುನ್ನತಿ ಇವೆಲ್ಲ ಶಿಲುಬೆಯಲ್ಲಿ ಮುಗಿದವು, ಒಪ್ಪುತ್ತೇನೆ. ಕೊಲ್ಲಬೇಡ, ಕದಿಯಬೇಡ ಎಂಬುದು ಮುಗಿಯಿತೇ? ಇಲ್ಲವಲ್ಲ. ಹಾಗಾದರೆ ನಾಲ್ಕನೆಯ ಆಜ್ಞೆಯಾದ ಸಬ್ಬತ್ ಮಾತ್ರ ಹೇಗೆ ಮುಗಿಯುತ್ತದೆ? ಅದು ಮೋಶೆಗಿಂತ ಮೊದಲು, ಸೃಷ್ಟಿಯ ಏಳನೆಯ ದಿನವೇ ಬಂದದ್ದು. ಶನಿವಾರ ಕೆಲಸ ನಿಲ್ಲಿಸಿ ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದು ನಮಗೆ ಹೊರೆಯಲ್ಲ. ವಾರವಿಡೀ ಹೊರೆ ಹೊತ್ತವರಿಗೆ ಅದೇ ಬಿಡುಗಡೆ.

ಹುಬ್ಬಳ್ಳಿಯ ಪ್ರಶ್ನೆ

ಈ ಮಾತು ನನಗೆ ಇಷ್ಟವಾಯಿತು. ದಿನಕ್ಕೆ 12 ಗಂಟೆ ದುಡಿಯುವವನಿಗೆ ವಾರದ ರಜೆ ಕಡ್ಡಾಯ ಮಾಡುವ ನಿಯಮ ಶಾಪ ಹೇಗಾದೀತು?

ಬಲ್ಮಠದ ಹಿರಿಯ

ವಿಶ್ರಾಂತಿ ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್ ಕೊಟ್ಟದ್ದೇ ಆಳುಕಾಳುಗಳೂ ಬಿಡುವು ಪಡೆಯಲಿ ಎಂದು. ಆದರೆ ಕೊಲೊಸ್ಸೆ 2:16ರಲ್ಲಿ ಹಬ್ಬ, ಅಮಾವಾಸ್ಯೆ, ಸಬ್ಬತ್ ಇವುಗಳ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ ಎಂದಿದೆ. ಅವೆಲ್ಲ ಛಾಯೆ, ನಿಜರೂಪ ಕ್ರಿಸ್ತನಲ್ಲಿದೆ ಎಂದಿದೆ.

ಏಳನೆಯ ದಿನ

ಅದು ವಾರ್ಷಿಕ ಹಬ್ಬಗಳ ಸಬ್ಬತ್ತು. ಯಾಜಕಕಾಂಡ 23 ನೋಡಿ.

ಹೇಮಾವತಿ ತೀರ

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ನಿನ್ನೆ ಭಾನುವಾರ ನಾದಿನಿಯ ಮನೆಗೆ ಹೋಗಿದ್ದೆ. ನರ್ಸ್ ಅಕ್ಕ ಹೇಳಿದ್ದನ್ನು ಮೊದಲು ಹೇಳಿದೆ. ಆಮೇಲೆ ಗಲಾತ್ಯ 2 ಮತ್ತು 3ನ್ನು ಅವಳ ಕೈಯಲ್ಲೇ ಓದಿಸಿದೆ, ನಾನು ಬಾಯಿ ಹಾಕಲಿಲ್ಲ. ಪೇತ್ರನು ಹಿಂದೆ ಸರಿದ ಭಾಗವನ್ನು ಎರಡು ಸಲ ಓದಿದಳು. 12 ಶಾಪಗಳನ್ನು ಹುಡುಕಿ ಬೆರಳಿಟ್ಟು ಓದಿದಳು. ದಶಮಾಂಶ ಅಲ್ಲಿ ಇಲ್ಲ ಎಂದು ಖಾತರಿಯಾದ ಮೇಲೆ, "ಹಾಗಾದರೆ ಮಗು ಹೋದದ್ದು ಅದಕ್ಕಲ್ಲವಾ ಅತ್ತಿಗೆ?" ಎಂದು ಕೇಳಿ ಅತ್ತಳು. ಬಹಳ ಹೊತ್ತು ಅತ್ತಳು. ಕೂಟ ಬಿಡುತ್ತೇನೆ ಎಂದು ಹೇಳಿಲ್ಲ. ಅಲ್ಲಿ ಅವಳಿಗೆ ಗೆಳತಿಯರಿದ್ದಾರೆ, ಜ್ವರ ಬಂದಾಗ ಗಂಜಿ ತಂದವರು ಅವರೇ, ನಾನು ಬಿಡು ಎನ್ನಲೂ ಇಲ್ಲ. ಮುಂದಿನ ತಿಂಗಳು ಕೈಲಾದಷ್ಟು ಕೊಡುತ್ತೇನೆ, ಬಾಕಿ ಬರೆಯುವುದಿಲ್ಲ ಎಂದಿದ್ದಾಳೆ.

ಕೋಲಾರದ ಸೇವಕ

ಅಕ್ಕ, ಆ ತಂಗಿಗಾಗಿ ನಮ್ಮ ಸಭೆಯಲ್ಲಿ ಪ್ರಾರ್ಥಿಸುತ್ತೇವೆ. ದಶಮಾಂಶದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಮಲಾಕಿಯ 3:9ನ್ನು ಕಾಣಿಕೆಯ ಹೊತ್ತಿನಲ್ಲಿ ಓದುವುದನ್ನು ನಿಲ್ಲಿಸಿ 2 ಕೊರಿಂಥ 9 ಓದಿಸುವುದೆಂದು ನಮ್ಮ ಹಿರಿಯರ ಜೊತೆ ಮಾತನಾಡುತ್ತೇನೆ. ಕೊಡುವವರು ಕೊಟ್ಟೇ ಕೊಡುತ್ತಾರೆ.

ಬೀದರ್ ಬಿಸಿಲು

ಒಳ್ಳೆಯ ಮಾತು ಬ್ರದರ್. ಹೇಮಾವತಿ ಅಕ್ಕ, ಮುಂದಿನ ಬಾರಿ ಗರ್ಭ ನಿಲ್ಲುವ ಮೊದಲೇ ಅವಳಿಗೆ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಹಳೆಯ ಮೇಷ್ಟ್ರು

ಸಬ್ಬತ್ತಿನ ವಿಷಯ ಅರ್ಧಕ್ಕೆ ನಿಂತಿದೆ. ಹಬ್ಬ, ಅಮಾವಾಸ್ಯೆ, ಸಬ್ಬತ್ ಎಂಬ ಮೂರನ್ನು ಒಟ್ಟಿಗೆ ಹೇಳುವುದು ಹಳೆಯ ಒಡಂಬಡಿಕೆಯ ರೂಢಿ. ಯೆಹೆಜ್ಕೇಲ 45:17, ಹೋಶೇಯ 2:11 ನೋಡಿ. ವರ್ಷಕ್ಕೆ ಬರುವುದು, ತಿಂಗಳಿಗೆ ಬರುವುದು, ವಾರಕ್ಕೆ ಬರುವುದು. ಹಾಗಾಗಿ ಕೊಲೊಸ್ಸೆಯಲ್ಲಿರುವುದು ವಾರದ ಸಬ್ಬತ್ತೇ ಎಂದು ನನಗೆ ತೋರುತ್ತದೆ. ಆದರೆ ಅಲ್ಲಿಯೂ ಆಚರಿಸಬೇಡಿ ಎಂದು ಹೇಳಿಲ್ಲ, ತೀರ್ಪು ಮಾಡದಿರಲಿ ಎಂದಷ್ಟೇ ಹೇಳಿದ್ದಾನೆ. ಇಥಿಯೋಪಿಯದ ಆರ್ಥೊಡಾಕ್ಸ್ ಸಭೆಯವರು ಇಂದಿಗೂ ಶನಿವಾರವನ್ನೂ ಭಾನುವಾರವನ್ನೂ ಮಾನ್ಯ ಮಾಡುತ್ತಾರೆ.

ಬಲ್ಮಠದ ಹಿರಿಯ

ರೋಮ 14:5ನ್ನೂ ಸೇರಿಸಿ ಮೇಷ್ಟ್ರೇ. ಒಬ್ಬನಿಗೆ ಒಂದು ದಿನ ವಿಶೇಷ, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ, ಅವರವರು ತಮ್ಮ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ. ಏಳನೆಯ ದಿನದ ತಮ್ಮ ಶನಿವಾರ ಆಚರಿಸಲಿ, ನನಗೆ ಸಂತೋಷವೇ. ಭಾನುವಾರದವರಿಗೆ ರಕ್ಷಣೆಯಿಲ್ಲ ಎಂದರೆ ಮಾತ್ರ, ದಿನ ತಿಂಗಳುಗಳನ್ನು ಕಡ್ಡಾಯವಾಗಿ ಹಿಡಿದವರನ್ನು ಪೌಲನು ಗದರಿಸುವ ಗಲಾತ್ಯ 4:10ನ್ನು ನಾನು ತೆಗೆಯುತ್ತೇನೆ.

ಏಳನೆಯ ದಿನ

ಹಾಗೆ ನಾನು ಹೇಳಿಲ್ಲ ಸಾರ್, ಹೇಳುವವರ ಜೊತೆ ನಾನೂ ಜಗಳವಾಡುತ್ತೇನೆ. ಶನಿವಾರ ಆಚರಿಸುವುದು ರಕ್ಷಣೆ ಸಂಪಾದಿಸಲು ಅಲ್ಲ, ರಕ್ಷಿಸಿದವನ ಮಾತಿಗೆ ವಿಧೇಯರಾಗಲು. ಆದರೆ ರೋಮ 14ರಲ್ಲಿ ಸಬ್ಬತ್ ಎಂಬ ಹೆಸರೇ ಇಲ್ಲ, ಅಲ್ಲಿನ ಮಾತು ಶುರುವಾಗುವುದೇ ಊಟದ ವಿಷಯದಿಂದ. ಆ ದಿನಗಳು ಉಪವಾಸದ ದಿನಗಳೂ ಆಗಿರಬಹುದು. ಯೆಹೆಜ್ಕೇಲ 45ನ್ನು ಯಾಜಕಕಾಂಡದ ಜೊತೆ ಇಟ್ಟು ಓದಿ ಮೇಷ್ಟ್ರಿಗೆ ಉತ್ತರ ಬರೆಯುತ್ತೇನೆ. ಶುಕ್ರವಾರ ಸೂರ್ಯ ಮುಳುಗುವುದರೊಳಗೆ ಬರೆಯದಿದ್ದರೆ ಭಾನುವಾರ ಬರೆಯುತ್ತೇನೆ.